ಇಳಿದ ಕಾರ್ಯದರ್ಶಿ ಇನ್ನೊಂದು ವರ್ಷ ಜೊತೆಗಿರಬೇಕೇ?

ಶ್ರೀರಂಗಪಟ್ಟಣ, ಮೇಲುಕೋಟೆಯಂಥ ಊರುಗಳಲ್ಲಿ ಪ್ರವಾಸಿಗರಿಗೆ ದಾರಿ ಹೇಳುವುದು, ನಕ್ಷೆ ಕೊಡುವುದು, ಗೈಡು ಗೊತ್ತುಮಾಡಿಕೊಡುವುದು ಇವನ್ನೆಲ್ಲ ಲಾಭದ ಉದ್ದೇಶವಿಲ್ಲದ ಸಣ್ಣ ನೋಂದಾಯಿತ ಸಂಘವೊಂದು ವಹಿಸಿಕೊಂಡರೆ, ಅದರ ಭಾರವೆಲ್ಲ ಸಾಮಾನ್ಯವಾಗಿ ಒಬ್ಬರೇ ಕಾರ್ಯದರ್ಶಿಯ ಹೆಗಲಿಗೆ ಬೀಳುತ್ತದೆ. ಹತ್ತು ಹದಿನೈದು ವರ್ಷ ನಡೆಸಿದವರು ವಯಸ್ಸಾಯಿತೆಂದೋ, ಸಾಕೆನಿಸಿಯೋ ಇಳಿದಾಗ ಸರ್ವಸದಸ್ಯರ ಸಭೆಯ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಅವರನ್ನು ಒಂದು ವರ್ಷ ಸಲಹೆಗಾರರಾಗಿ ಉಳಿಸಿಕೊಳ್ಳಬೇಕೋ, ಎಲ್ಲವನ್ನೂ ಒಪ್ಪಿಸಿಕೊಂಡು ಬೀಳ್ಕೊಡಬೇಕೋ? ಈ ಕೆಲಸವನ್ನು ಬಲ್ಲ ಇಬ್ಬರ ವಾದ ಇಲ್ಲಿದೆ.

ಪರ: ವರ್ಷದ ಒಂದು ಸುತ್ತು ಮುಗಿಯಲಿ

ಮಾಹಿತಿ ಕೇಂದ್ರದ ಆಸ್ತಿಯೆಂದರೆ ಎರಡು ಮೇಜು, ಒಂದು ಬೀರು, ನಕ್ಷೆಯ ಕಟ್ಟುಗಳು, ಒಂದು ಫೋನು. ಇಷ್ಟನ್ನು ಎಣಿಸಿ ಒಪ್ಪಿಸಲು ಅರ್ಧ ದಿನ ಸಾಕು. ಯಾವ ದಿನ ಯಾರಿಗೆ ಫೋನ್ ಮಾಡಬೇಕು, ಮಾಡಿದರೆ ಯಾರು ಎತ್ತುತ್ತಾರೆ ಎನ್ನುವ ತಿಳಿವಳಿಕೆಯನ್ನು ಒಪ್ಪಿಸುವುದಕ್ಕೆ ಮಾತ್ರ ಕಾಲ ಹಿಡಿಯುತ್ತದೆ.

ಬಂದವರ ಕಣ್ಣಿಗೆ ಶ್ರೀರಂಗಪಟ್ಟಣ ಒಂದೇ ಊರು. ಕೌಂಟರಿನ ಒಳಗೆ ಕುಳಿತವರಿಗೆ ಹಾಗಲ್ಲ. ರಂಗನಾಥಸ್ವಾಮಿಯ ದರ್ಶನದ ವೇಳೆ ಕೇಳಬೇಕಾದರೆ ಮುಜರಾಯಿಯವರು. ದರಿಯಾ ದೌಲತ್ತಿನ ವಿಷಯಕ್ಕೆ ಪುರಾತತ್ವ ಇಲಾಖೆ. ರಂಗನತಿಟ್ಟಿನ ದೋಣಿಗೆ ಅರಣ್ಯ ಇಲಾಖೆ. ಕನ್ನಂಬಾಡಿ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂಬುದಕ್ಕೆ ಕಾವೇರಿ ನೀರಾವರಿ ನಿಗಮ. ಬಸ್ಸು ನಿಲ್ಲಿಸುವ ಜಾಗ, ಕಸ, ಶೌಚಾಲಯಕ್ಕೆ ಪುರಸಭೆ. ದಸರೆಗೆ ಜಿಲ್ಲಾಡಳಿತ. ಇಷ್ಟು ಬಾಗಿಲುಗಳಲ್ಲಿ ಯಾವುದೂ ಸಂಘದ ಅಧೀನದಲ್ಲಿಲ್ಲ. ಪತ್ರ ಬರೆದು ಉತ್ತರಕ್ಕೆ ಕಾಯುತ್ತ ಕೂತರೆ ಪ್ರವಾಸಿಗರು ಊರು ಬಿಟ್ಟು ಹೋಗಿರುತ್ತಾರೆ. ಹಳೆಯ ಕಾರ್ಯದರ್ಶಿಯ ಮುಖಪರಿಚಯದಿಂದಲೇ ಕೆಲಸ ನಡೆದುಬಂದಿದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಒಂದು ವರ್ಷ ಎನ್ನುವುದಕ್ಕೆ ಕಾರಣವೂ ಇದೆ. ಈ ಕೆಲಸ ತಿಂಗಳಿನಿಂದ ತಿಂಗಳಿಗೆ ಬೇರೆಯೇ ಆಗಿಬಿಡುತ್ತದೆ. ಸಂಕ್ರಾಂತಿ, ರಥಸಪ್ತಮಿಗೆ ದೇವಸ್ಥಾನದ ಜನ. ಆಮೇಲೆ ಗೂಡು ಕಟ್ಟಿದ ಹಕ್ಕಿ ನೋಡಲು ಕ್ಯಾಮೆರಾ ಹಿಡಿದು ಬರುವವರು. ಮಾರ್ಚ್, ಏಪ್ರಿಲ್ ಹೊತ್ತಿಗೆ ಮೇಲುಕೋಟೆಯ ವೈರಮುಡಿ, ಅಂದರೆ ದೇವರಿಗೆ ವಜ್ರದ ಕಿರೀಟ ತೊಡಿಸುವ ಉತ್ಸವ. ಕಿರೀಟ ಮಂಡ್ಯದ ಖಜಾನೆಯಿಂದ ಹೊರಟು ಬೆಟ್ಟ ತಲುಪಿ, ಉತ್ಸವ ರಾತ್ರಿ ನಡೆಯುತ್ತದೆ. ಅವತ್ತು ಬರುವ ಪ್ರಶ್ನೆಗಳು ಬೇರೆ: ರಾತ್ರಿ ವಾಪಸು ಬಸ್ಸಿದೆಯಾ, ವಾಹನ ಎಲ್ಲಿಯ ತನಕ ಬಿಡುತ್ತಾರೆ, ವಯಸ್ಸಾದವರು ಎಲ್ಲಿ ಕೂರಬಹುದು. ಮಹಾಲಯ ಅಮಾವಾಸ್ಯೆಗೆ ಪಶ್ಚಿಮವಾಹಿನಿಗೆ ಪಿತೃಕಾರ್ಯಕ್ಕೆ ಬರುವವರನ್ನು ನಕ್ಷೆ ಕೊಟ್ಟು ಕಳಿಸಿದರೆ ಸಾಲದು. ದುಃಖದಲ್ಲಿ ಬಂದವರ ಹತ್ತಿರ ಆಡುವ ಮಾತಿನ ಧಾಟಿಯೇ ಬೇರೆ. ಆಮೇಲೆ ದಸರಾ. 1610ರಲ್ಲಿ ರಾಜ ಒಡೆಯರು ಅದನ್ನು ಶುರು ಮಾಡಿದ ಊರು ಇದು ಎಂದು ತಿಳಿದು ಬರುವವರಿಗೆ ಇಲ್ಲಿಯ ಕಾರ್ಯಕ್ರಮ ಯಾವ ದಿನ, ಮೈಸೂರಿನದು ಯಾವ ದಿನ ಎಂದು ಬಿಡಿಸಿ ಹೇಳಬೇಕು. ಡಿಸೆಂಬರಿನಲ್ಲಿ ಶಾಲಾ ಪ್ರವಾಸಗಳ ಸಾಲು. ಜೂನ್ ತಿಂಗಳಲ್ಲಿ ಅಧಿಕಾರ ಒಪ್ಪಿಸಿಕೊಂಡವರು ವೈರಮುಡಿಯನ್ನು ಮೊದಲ ಸಲ ಎದುರಿಸುವುದು ಒಂಬತ್ತು ಹತ್ತು ತಿಂಗಳ ಮೇಲೆ. ಅಷ್ಟರಲ್ಲಿ ಹಳಬರು ದೂರವಾಗಿದ್ದರೆ ಕೇಳುವುದು ಯಾರನ್ನು?

ಪ್ರವಾಹದ ದಿನವನ್ನು ಹತ್ತಿರದಿಂದ ನೋಡಿ. ಅಣೆಕಟ್ಟು 124.80 ಅಡಿಗೆ ತುಂಬಿದೆ, ಕೊಡಗಿನಲ್ಲಿ ಮಳೆ ನಿಂತಿಲ್ಲ. ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಮೊದಲು ನಿಲ್ಲುವುದು ರಂಗನತಿಟ್ಟಿನ ದೋಣಿ. ಹೊರಹರಿವು ಏರಿದಂತೆ ನಿಮಿಷಾಂಬ, ಪಶ್ಚಿಮವಾಹಿನಿ, ಸಂಗಮದ ಸ್ನಾನಘಟ್ಟಗಳಿಗೆ ಇಳಿಯಬಾರದು ಎಂಬ ಆದೇಶ. ಇನ್ನೂ ಏರಿದರೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೆ ಅಡ್ಡಗಟ್ಟು. ಇದರ ಮಧ್ಯೆ ಬೆಳಿಗ್ಗೆ ಹತ್ತಕ್ಕೆ ದೂರದ ಜಿಲ್ಲೆಯಿಂದ ಐವತ್ತು ಮಕ್ಕಳ ಬಸ್ಸು ಬಂದು ನಿಲ್ಲುತ್ತದೆ. ಪಟ್ಟಿಯ ಮೊದಲ ಹೆಸರೇ ರಂಗನತಿಟ್ಟು. ಹೊಸಬರು "ಮುಚ್ಚಿದೆ" ಎಂದಷ್ಟೇ ಹೇಳಿಯಾರು. ಅನುಭವಸ್ಥರು ಆ ಬಸ್ಸನ್ನು ಮೊದಲು ದರಿಯಾ ದೌಲತ್ತಿಗೆ ತಿರುಗಿಸಿ, ಅಲ್ಲಿಂದ ಗುಂಬಜ್‌ಗೆ ಕಳಿಸಿ, ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವ ಮೊದಲು ಕೋಟೆಯೊಳಕ್ಕೆ ತಂದು, ಹಕ್ಕಿ ನೋಡಲಾಗಲಿಲ್ಲ ಎಂಬ ಮಕ್ಕಳ ಬೇಸರವನ್ನು ಹೇಗಾದರೂ ಕಳೆಯುತ್ತಾರೆ. ಉಕ್ಕಿ ಬರುವ ನೀರನ್ನು ಹತ್ತಿರದಿಂದ ತೋರಿಸಿ ಎಂದು ಮೇಷ್ಟ್ರು ಕೇಳಿದರೆ ಖಡಾಖಂಡಿತವಾಗಿ ಆಗದು ಎನ್ನುವ ಧೈರ್ಯವೂ ಆ ಅನುಭವದಿಂದಲೇ ಬರುತ್ತದೆ. ಇಂಥ ಎರಡು ದಿನ ಹಳಬರ ಪಕ್ಕದಲ್ಲಿ ನಿಂತವರು ಮೂರನೆಯ ದಿನ ತಾವೇ ನಿಭಾಯಿಸುತ್ತಾರೆ.

ಹಾಗೆಂದು ಹಳಬರು ಕುರ್ಚಿ ಬಿಡದೆ ಕೂರಬೇಕೆಂದಲ್ಲ. ನಿರ್ಣಯದಲ್ಲೇ ಬೇಲಿ ಹಾಕಬೇಕು. ಅವಧಿ 12 ತಿಂಗಳು, ವಿಸ್ತರಣೆ ಇಲ್ಲ. ಸಮಿತಿಯಲ್ಲಿ ಮತವಿಲ್ಲ, ಚೆಕ್ಕಿಗೆ ಸಹಿಯಿಲ್ಲ, ಸಿಬ್ಬಂದಿಗೆ ಆದೇಶ ಕೊಡುವ ಅಧಿಕಾರವಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬೆಳಿಗ್ಗೆ, ಆಮೇಲೆ ಕರೆದಾಗ ಮಾತ್ರ. ಮುಖ್ಯವಾದ ಹಬ್ಬ, ಉತ್ಸವಕ್ಕೆ ಹದಿನೈದು ದಿನ ಮೊದಲು ಹೊಸ ಕಾರ್ಯದರ್ಶಿಯೊಂದಿಗೆ ಒಂದು ಸಭೆ, ಮುಗಿದ ಮೇಲೆ ಮೂರು ದಿನದೊಳಗೆ ಇನ್ನೊಂದು. ಎರಡನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಏನು ತಪ್ಪಿತು ಎಂದು ನೆನಪು ಹಸಿಯಾಗಿರುವಾಗ ಬರೆದಿಡದಿದ್ದರೆ ಮುಂದಿನ ವರ್ಷ ಅದೇ ತಪ್ಪು ಮರಳಿ ಬರುತ್ತದೆ.

ಇನ್ನೊಂದು ಮಾತು. ಹದಿನೈದು ವರ್ಷ ಸಂಬಳವಿಲ್ಲದೆ ದುಡಿದವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮಾರನೆಯ ದಿನ ಫೋನ್ ಕೂಡ ಮಾಡದಿರುವುದು ಊರಿನವರ ಕಣ್ಣಿಗೆ ಬೀಳುತ್ತದೆ. ನಾಳೆ ಸ್ವಯಂಸೇವೆಗೆ ಮುಂದೆ ಬರಬೇಕಾದವರು ಇದನ್ನು ನೋಡಿಯೇ ಹಿಂದೆ ಸರಿಯುತ್ತಾರೆ.

ವಿರೋಧ: ಒಪ್ಪಿಸಿದ ಮೇಲೆ ಹೊರಗಿರಲಿ

ಹಳಬರಿಗೆ ಗೊತ್ತಿರುವುದು ಅಮೂಲ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಅಮೂಲ್ಯವಾದ್ದರಿಂದಲೇ ಅದು ಅವರು ಇಳಿಯುವ ಮೊದಲು ಕಾಗದಕ್ಕೆ ಬರಬೇಕು. ಒಂದು ವರ್ಷ ಇರುತ್ತಾರಲ್ಲ ಎಂಬ ಭರವಸೆ ಇದ್ದರೆ ಯಾರೂ ಬರೆದುಕೊಳ್ಳುವುದಿಲ್ಲ. ಹನ್ನೊಂದು ತಿಂಗಳು ಕೇಳಿ ಕೇಳಿಯೇ ಕಳೆದು, ಹನ್ನೆರಡನೆಯ ತಿಂಗಳಲ್ಲಿ ಮತ್ತೆ ಶುರುವಿನ ಸ್ಥಿತಿ.

ನಮ್ಮ ಕಡೆ ಊರುಗಳಲ್ಲಿ ಏನಾಗುತ್ತದೆಂದು ನೇರವಾಗಿ ಹೇಳಬೇಕು. ಹೋಂಸ್ಟೇ ನಡೆಸುವವರು ಹೊಸ ಕಾರ್ಯದರ್ಶಿಯ ಹತ್ತಿರ ಒಂದು ಮನವಿ ತರುತ್ತಾರೆ. ಕಾರ್ಯದರ್ಶಿ ಆಗದು ಎನ್ನುತ್ತಾರೆ. ಸಂಜೆ ಅದೇ ಮನವಿ ಹಳಬರ ಮನೆಯ ಜಗಲಿಗೆ ಹೋಗುತ್ತದೆ. ಹಳಬರು ಕೆಟ್ಟವರಲ್ಲ. "ನೋಡಾಣ ಇರಪ್ಪ, ಒಂದ್ ಮಾತು ಹೇಳ್ತೀನಿ" ಎಂದು ಕಳಿಸುತ್ತಾರೆ. ಮಾರನೆಯ ದಿನ ಕೌಂಟರಿನ ಹುಡುಗಿಯೂ "ಅಣ್ಣಾವ್ರನ್ನ ಕೇಳ್ಬಿಟ್ಟು ಮಾಡೋಣ ಮೇಡಂ" ಎನ್ನುತ್ತಾಳೆ. ಮತವಿಲ್ಲ, ಸಹಿಯಿಲ್ಲ ಎಂದು ನಿರ್ಣಯದಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಈ ಜಗಲಿಗೆ ಬೇಲಿ ಹಾಕಲು ಆಗುವುದಿಲ್ಲ. ಹೊಸಬರು ಹೆಣ್ಣುಮಗಳಾಗಿದ್ದರೆ, ಇಲ್ಲವೇ ವಯಸ್ಸಿನಲ್ಲಿ ಚಿಕ್ಕವರಾಗಿದ್ದರೆ ಇದು ಇಮ್ಮಡಿ.

ಹೊಣೆಯ ಮಾತೂ ಇದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ವಾರ್ಷಿಕ ಸಭೆ ನಡೆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರು ಆ ಪಟ್ಟಿಯಲ್ಲಿರುವವರು. ಪಟ್ಟಿಯಲ್ಲಿಲ್ಲದ ಸಲಹೆಗಾರರ ಮಾತಿನಂತೆ ನಡೆದು, ತಪ್ಪಿಗೆ ಪಟ್ಟಿಯಲ್ಲಿರುವವರು ತಲೆ ಕೊಡುವುದು ನ್ಯಾಯವಲ್ಲ.

ಹಣದ ವಿಷಯ ಇನ್ನೂ ಸೂಕ್ಷ್ಮ. ಹೊಸಬರು ಹಳೆಯ ನಗದು ಪುಸ್ತಕ ತಿರುವುವಾಗ ಓಚರಿಲ್ಲದ ಒಂದು ಖರ್ಚು, ದರಪಟ್ಟಿ ಕರೆಯದೆ ವರ್ಷವರ್ಷವೂ ಒಂದೇ ಮುದ್ರಣಾಲಯಕ್ಕೆ ಕೊಟ್ಟ ಕರಪತ್ರದ ಕೆಲಸ, ನಕ್ಷೆಯ ಮೇಲ್ಭಾಗದಲ್ಲಿ ಸದಾ ಒಂದೇ ಹೋಟೆಲಿನ ಹೆಸರು ಇಂಥವು ಕಣ್ಣಿಗೆ ಬಿದ್ದೇ ಬೀಳುತ್ತವೆ. ಬಹುಪಾಲು ಮೋಸವಲ್ಲ, ಅಭ್ಯಾಸ. ಆದರೂ ಸರಿಪಡಿಸಬೇಕು. ಹಳಬರು ಎದುರು ಕುರ್ಚಿಯಲ್ಲಿ ಕೂತಿರುವಾಗ ಸಭೆಯಲ್ಲಿ ಈ ಮಾತು ಎತ್ತುವ ಎದೆಗಾರಿಕೆ ಎಷ್ಟು ಜನಕ್ಕಿದೆ? ಎತ್ತಿದರೆ ಅದು ಲೆಕ್ಕದ ಚರ್ಚೆಯಾಗಿ ಉಳಿಯದೆ ಹಿರಿಯರಿಗೆ ಮಾಡಿದ ಅವಮಾನವಾಗಿಬಿಡುತ್ತದೆ.

ಹಾಗಾದರೆ ಒಪ್ಪಿಸುವುದು ಹೇಗೆ? ಸರ್ವಸದಸ್ಯರ ಸಭೆಗೆ ಆರು ವಾರ ಮೊದಲು ಶುರುಮಾಡಬೇಕು. ಮೊದಲ ವಾರ ದಾಸ್ತಾನು: ಮಾರಾಟದ ಪುಸ್ತಕ, ನಕ್ಷೆ, ಅಂಚೆಕಾರ್ಡು ಎಲ್ಲವನ್ನೂ ಎಣಿಸಿ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡುವುದು. ಕೈಯಲ್ಲಿರುವ ನಗದನ್ನು ಮೂವರ ಮುಂದೆ ಎಣಿಸಿ ಸಹಿ. ರಸೀದಿ ಪುಸ್ತಕಗಳ ಕ್ರಮಸಂಖ್ಯೆ ಎಲ್ಲಿಂದ ಎಲ್ಲಿಯ ತನಕ, ಬಳಸಿದ್ದೆಷ್ಟು, ಖಾಲಿ ಎಷ್ಟು ಎಂಬುದನ್ನು ಬರೆಯಲೇಬೇಕು. ಅರ್ಧ ಬಳಸಿದ ರಸೀದಿ ಪುಸ್ತಕವೊಂದು ಯಾರದೋ ಮನೆಯ ಮೇಜಿನ ಖಾನೆಯಲ್ಲಿ ಉಳಿದರೆ ಆರು ತಿಂಗಳ ಮೇಲೆ ಆಡಿಟರಿಗೆ ಉತ್ತರ ಹೇಳುವುದು ಕಷ್ಟ.

ಎರಡನೆಯ, ಮೂರನೆಯ ವಾರ ಕಾಗದಪತ್ರ: ನೋಂದಣಿ ಪ್ರಮಾಣಪತ್ರದ ಮೂಲಪ್ರತಿ, ತಿದ್ದುಪಡಿಗಳೊಂದಿಗೆ ಬೈಲಾ, ನಡಾವಳಿ ಪುಸ್ತಕ, ಪ್ಯಾನ್, ಠೇವಣಿ ರಸೀದಿಗಳು, ಬಾಡಿಗೆ ಕರಾರು. ಆದಾಯ ತೆರಿಗೆಯ 12ಎ (ಸಂಘದ ಆದಾಯಕ್ಕೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ರಿಯಾಯಿತಿ) ನೋಂದಣಿ ಯಾವತ್ತು ಮುಗಿಯುತ್ತದೆ ಎಂಬ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. 80ಜಿ ರಸೀದಿ ಕೊಡುವ ಸಂಘ ದಾನಿಗಳ ವಿವರವನ್ನು ಮೇ 31ರೊಳಗೆ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಬೇಸಿಗೆ ರಜೆಯ ಜನಸಂದಣಿಯಲ್ಲಿ ಕಾರ್ಯದರ್ಶಿ ಬದಲಾದರೆ ಮರೆತುಹೋಗುವುದು ಇದೇ.

ಹೆಚ್ಚು ತೊಂದರೆ ಕೊಡುವುದು ಮಾತ್ರ ಓಟಿಪಿ. ತೆರಿಗೆಯ ಪೋರ್ಟಲ್, ಬ್ಯಾಂಕು, ಜಾಲತಾಣದ ಹೆಸರಿನ ನವೀಕರಣ, ಕೇಂದ್ರದ ವಾಟ್ಸಾಪ್ ಎಲ್ಲವೂ ಹಳಬರ ಸ್ವಂತ ಮೊಬೈಲಿಗೆ, ಸ್ವಂತ ಇಮೇಲಿಗೆ ಅಂಟಿಕೊಂಡಿರುತ್ತವೆ. ಅವರು ಜೊತೆಗಿರುವ ತನಕ ಯಾರಿಗೂ ಇದು ತೊಡಕೆನಿಸದು. "ಸರ್, ಓಟಿಪಿ ಬಂತಾ?" ಎಂದರೆ ಆಯಿತು. ಮಗನ ಮನೆಗೆಂದು ಬೆಂಗಳೂರಿಗೆ ಹೋದರೋ, ಆಸ್ಪತ್ರೆ ಸೇರಿದರೋ, ಅವತ್ತು ಇಡೀ ಕೇಂದ್ರ ನಿಂತುಹೋಗುತ್ತದೆ. ಆದ್ದರಿಂದ ಸಂಘದ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಮಾಡಿ, ಒಂದೊಂದನ್ನೂ ಅಲ್ಲಿಗೆ ಬದಲಾಯಿಸಬೇಕು. ಗೂಗಲ್ ನಕ್ಷೆಯಲ್ಲಿ ಕೇಂದ್ರದ ಪುಟದ ಮುಖ್ಯ ಒಡೆತನವನ್ನು ಹೊಸ ಖಾತೆಗೆ ಕೊಡಲು, ಆ ಖಾತೆ ಸೇರಿ 7 ದಿನ ಆಗಿರಬೇಕು. ಕೊನೆಯ ದಿನ ಮಾಡುತ್ತೇವೆಂದರೆ ಆಗುವುದಿಲ್ಲ. ಬ್ಯಾಂಕಿಗೆ ನಿರ್ಣಯದ ದೃಢೀಕೃತ ಪ್ರತಿ, ಹೊಸ ಸಹಿದಾರರ ಕೆವೈಸಿ, ಮಾದರಿ ಸಹಿ ಬೇಕು. ನಿರ್ಣಯದಲ್ಲಿ ಹಳಬರ ಹೆಸರು ತೆಗೆಯಲಾಗಿದೆ ಎಂಬ ಸಾಲು ಬಿಟ್ಟುಹೋದರೆ ಬ್ಯಾಂಕಿನವರು ಕಾಗದ ವಾಪಸು ಕಳಿಸುತ್ತಾರೆ. ಸಿಬ್ಬಂದಿಯ ಒಂದು ತಿಂಗಳ ಸಂಬಳ ಅಲ್ಲಿಗೆ ತಡ.

ಇಲಾಖೆಗಳ ಪರಿಚಯಕ್ಕೆ ವರ್ಷ ಬೇಡ, ನಾಲ್ಕೈದು ಭೇಟಿ ಸಾಕು. ನಾಲ್ಕನೆಯ, ಐದನೆಯ ವಾರ ಇಬ್ಬರೂ ಕೂಡಿ ಪುರಸಭೆಗೆ, ದೇವಸ್ಥಾನದ ಕಚೇರಿಗೆ, ಅರಣ್ಯ ಇಲಾಖೆಗೆ ಹೋಗಲಿ. ಒಂದೇ ನಿಯಮ: ಮಾತು ಆಡುವವರು ಹೊಸಬರು, ಹಳಬರು ಪಕ್ಕದಲ್ಲಿ ಕೂತಿರಲಿ. ಹಳಬರೇ ಮಾತು ಹಿಡಿದರೆ ಅಧಿಕಾರಿ ಮುಂದೆಯೂ ಅವರಿಗೇ ಫೋನ್ ಮಾಡುತ್ತಾರೆ. ಅಲ್ಲದೆ ಅಧಿಕಾರಿಗಳೂ ವರ್ಗವಾಗಿ ಹೋಗುವವರೇ. ಮುಖಪರಿಚಯವನ್ನೇ ನಂಬಿದ ಕೇಂದ್ರ ಎರಡು ಮೂರು ವರ್ಷಕ್ಕೊಮ್ಮೆ ಹೇಗಿದ್ದರೂ ಅನಾಥವಾಗುತ್ತದೆ.

ಪ್ರವಾಹದ ದಿನದ ವಾದ ನಿಜಕ್ಕೂ ಗಟ್ಟಿಯಾದದ್ದು. ಅದಕ್ಕೆ ಉತ್ತರ ಆರನೆಯ ವಾರದಲ್ಲಿದೆ. ಹಳಬರು ಕೂತು ಒಂದು ಹಾಳೆ ಬರೆಸಲಿ: ಹೊರಹರಿವು ಎಷ್ಟಿದ್ದಾಗ ಹಿಂದಿನ ವರ್ಷಗಳಲ್ಲಿ ಯಾವ ಜಾಗ ಮುಚ್ಚಿತು, ಯಾರು ಆದೇಶ ಕೊಟ್ಟರು, ಕಚೇರಿಯ ದೂರವಾಣಿ ಯಾವುದು, ಬಸ್ಸುಗಳನ್ನು ಯಾವ ಕ್ರಮದಲ್ಲಿ ಎಲ್ಲಿಗೆ ತಿರುಗಿಸಿದರು. ಆ ಹಾಳೆಯನ್ನು ಕೌಂಟರಿನ ಒಳಗಡೆ ಅಂಟಿಸಬೇಕು, ಬೀರುವಿನಲ್ಲಿಡಬಾರದು. ವೈರಮುಡಿಗೊಂದು, ಮಹಾಲಯಕ್ಕೊಂದು, ದಸರೆಗೊಂದು ಇಂಥದೇ ಹಾಳೆ. ನೀರು ಬರುವ ರಾತ್ರಿ ಡ್ಯೂಟಿಯಲ್ಲಿರುವುದು ಕಾರ್ಯದರ್ಶಿಯಲ್ಲ, ಕೌಂಟರಿನ ಹುಡುಗಿ. ಸಲಹೆಗಾರರು ಮನೆಯಲ್ಲಿ ಮಲಗಿರುತ್ತಾರೆ. ಅವಳ ಕಣ್ಣಿಗೆ ಕಾಣುವಂತೆ ಆ ಹಾಳೆ ಇರಬೇಕು.

ಹಳಬರ ಗೌರವಕ್ಕೆ ದಾರಿಗಳು ಬೇಕಾದಷ್ಟಿವೆ. ಊರಿನ ಚರಿತ್ರೆ ಹೇಳುವ ನಡಿಗೆಯೊಂದನ್ನು ತಿಂಗಳಿಗೊಮ್ಮೆ ಅವರ ಹೆಸರಿನಲ್ಲೇ ನಡೆಸಿ, ಗೈಡುಗಳಿಗೆ ಅವರಿಂದ ತರಬೇತಿ ಕೊಡಿಸಿ. ಮೂರು ತಿಂಗಳ ಮಟ್ಟಿಗೆ ಸಂದೇಹಗಳನ್ನು ಹೊಸ ಕಾರ್ಯದರ್ಶಿ ಬರಹದಲ್ಲಿ ಕೇಳಲಿ, ಉತ್ತರವೂ ಬರಹದಲ್ಲೇ ಬಂದು ಕಡತಕ್ಕೆ ಸೇರಲಿ. ಆಡಳಿತದ ಮೇಜಿಗೆ ಮಾತ್ರ ಬೇಡ.

ಅಧಿಕಾರ ಬದಲಾದ ದಿನ ಬಾಗಿಲಿಗೆ ಹೊಸ ಬೀಗ ಹಾಕಿಸಿ, ಇದು ಯಾರ ಮೇಲಿನ ಅನುಮಾನಕ್ಕೂ ಅಲ್ಲ, ಪ್ರತಿ ಬದಲಾವಣೆಯಲ್ಲೂ ನಡೆಯುವ ಕ್ರಮ ಎಂದು ನಡಾವಳಿಯಲ್ಲೇ ಬರೆಯಬೇಕು. ಕೀಲಿ ಮೂರು: ಒಂದು ಕಾರ್ಯದರ್ಶಿಗೆ, ಒಂದು ಖಜಾಂಚಿಗೆ, ಒಂದು ಬೆಳಿಗ್ಗೆ ಬಾಗಿಲು ತೆಗೆಯುವ ಸಿಬ್ಬಂದಿಗೆ. ಮೂವರ ಸಹಿಯೂ ಅದೇ ಪುಟದಲ್ಲಿರಲಿ.