ನೂರರ ತನಕ ಬರತ್ತೆ, ಐದು ಲೋಟ ತರೋಕೆ ಬರಲ್ಲ

ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ವನ್ನಿಂದ ಹಂಡ್ರೆಡ್‌ವರ್ಗೂ ಒಂದೇ ಉಸಿರಲ್ಲಿ ಒಪ್ಪಿಸ್ತಾಳೆ, ನೆಂಟರು ಬಂದಾಗೆಲ್ಲ ನಾನೇ ಹೇಳ್ಸಿ ಬೀಗಿದೀನಿ, ಸುಳ್ಳ್ಯಾಕೆ. ಮೊನ್ನೆ ಐದು ಲೋಟ ತಗೊಂಡ್ಬಾ ಪುಟ್ಟಿ ಅಂದ್ರೆ ತಬ್ಕೊಳ್ಳೋಕಾದಷ್ಟೂ ತಬ್ಕೊಂಡು ಬಂದ್ಳು, ಏಳು. ಎಣಿಸು ಅಂದೆ. ಬಾಯಿ ಟೆನ್ ದಾಟಿತ್ತು, ಬೆರಳು ಇನ್ನೂ ಮೂರನೇ ಲೋಟದ ಮೇಲೇ ಇತ್ತು.

ಅಂದ್ರೆ ಇವಳಿಗೆ ಬರ್ತಿದ್ದಿದ್ದು ಎಣಿಕೆ ಅಲ್ಲ, ಮಂತ್ರ. ಒಂದು ವಸ್ತುಗೆ ಒಂದೇ ಸಂಖ್ಯೆ, ಕೊನೇಲಿ ಹೇಳಿದ್ದೇ ಒಟ್ಟು, ಇಷ್ಟು ತಲೆಗೆ ಹೋಗ್ದೆ ನೂರು ಬಂದ್ರೇನು ಸಾವಿರ ಬಂದ್ರೇನು. ಮೊಬೈಲ್ ರೈಮ್ಸ್ ಹಾಕಿದ್ರೆ ಅಲ್ಲೂ ಅದೇ, ಐದು ಕೋತಿ ಕುಣಿದು ಮುಗಿಸೋಷ್ಟ್ರಲ್ಲಿ ಆರು ಬಾತುಕೋಳಿ ಬಂದಿರ್ತವೆ, ಮಗು ಮುಟ್ಟಿ ನೋಡೋದು ಯಾವಾಗ? ಕೊನೇಗೊಂದು ನೀತಿ ಬೇರೆ, ಎಲ್ಲರೂ ಹಂಚಿ ತಿನ್ನಬೇಕು ಅಂತ, ಮೂಗು ಹಿಡಿದು ಔಷಧಿ ಕುಡಿಸಿದ ಹಾಗೆ.

ನಮ್ಮತ್ತೆ ಮಂಡ್ಯ ಕಡೆಯವರು. ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತಿದ್ದೋರು ಮೊಮ್ಮಗಳನ್ನ ಪಕ್ಕಕ್ಕೆ ಕೂರಿಸ್ಕೊಂಡು ಅಲ್ಲೇ ಒಂದು ಪದ ಕಟ್ಟಿದ್ರು:

ಒಂದಾನೆ ಬಂತು, ಬಾಗ್ಲಲ್ಲೇ ನಿಂತು
ಎರಡಿಲಿ ಬಂತು, ಅಟ್ಟ ಹತ್ ಕುಂತು
ಮೂರ್ ಮೊಲ ಬಂತು, ಮೂಲೆ ಸೇರ್ಕೊಂತು
ನಾಕ್ ನರಿ ಬಂತು, ಒಸಿ ಸರೀರಿ ಅಂತು

ಆನೆ ಬಂದ್ರೆ ಹೊಸ್ತಿಲ ಮೇಲೆ ಒಂದು ಬೀಜ. ಬೋರಲು ಹಾಕಿದ ಸೇರು ಅಟ್ಟ, ಅದರ ಮೇಲೆ ಎರಡು. ಚಾಪೆ ಮೂಲೇಲಿ ಮೂರು. ನರಿ ಬಂದಾಗ ಅಜ್ಜಿ ಮೊಮ್ಮಗಳು ಇಬ್ಬರೂ ಚಾಪೆ ಮೇಲೆ ಒಸಿ ಸರಿದು ನಾಲ್ಕಕ್ಕೆ ಜಾಗ ಮಾಡ್ತಾರೆ. ಅಲ್ಲಿಗೆ ನೀತಿನೂ ಆಗೋಯ್ತು, ಯಾರೂ ಭಾಷಣ ಮಾಡ್ಲಿಲ್ಲ. ಒಟ್ಟು ಮಾಡಿದ್ರೆ ಸರಿಯಾಗಿ ಹತ್ತು, ಎರಡೂ ಕೈ ಬೆರಳು. ಅತ್ತೆಗೆ ಅದು ಗೊತ್ತಿದ್ದೇ ಕಟ್ಟಿದ್ರಾ ಕೇಳಿದ್ರೆ ನಗ್ತಾರೆ ಅಷ್ಟೇ.

ಇನ್ನೊಂದು ಮಜಾ, ಇವಳು "ಇಬ್ಬರು ಇಲಿ, ಮೂವರು ಮೊಲ" ಅಂತಾಳೆ. ಕನ್ನಡದಲ್ಲಿ ಮನುಷ್ಯರಿಗೆ ಇಬ್ಬರು ಮೂವರು, ಪ್ರಾಣಿಗೆ ಎರಡು ಮೂರು ಅಲ್ವಾ, ತಿದ್ದೋಕೆ ಹೋದೆ. "ಬುಡವ್ವ, ಅವ್ಳಿಗೆ ಅವು ನೆಂಟ್ರು" ಅಂದ್ರು. ಬಿಟ್ಟೆ.

ಸರ್ಕಾರಿ ಶಾಲೆಗಳ ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿದ್ದು, ಹಾಡು, ಆಟ, ಕಡ್ಡಿ, ಕಾಳು ಎಲ್ಲ ಇಟ್ಕೊಂಡೇ ಮಕ್ಕಳಿಗೆ ಕಲಿಸ್ತಾರೆ. ನಾವು ಸಾಲ ಮಾಡಿ ಫೀಸ್ ಕಟ್ಟೋ ಕಡೆ, 1ರಿಂದ 50 ಐದು ಸಲ ಬರ್ಕೊಂಡು ಬಾ ಅಂತ ಹೋಮ್‌ವರ್ಕು. ಇದನ್ನ ಪೇರೆಂಟ್ಸ್ ಮೀಟಿಂಗಲ್ಲಿ ಕೇಳೋ ಧೈರ್ಯ ನಂಗೂ ಬಂದಿಲ್ಲ, ಇಲ್ಲಿ ಬರೀತಿದೀನಿ. ಮನೇಲಿ ಮಾತ್ರ ಬೀಜದ ಆಟ ನಡೀತಿದೆ, ಈಗ ಗೋಡೆ ಮೇಲಿನ ಜೇಡದ ಕಾಲೂ ಎಣಿಸ್ಬೇಕಂತೆ, ಎಂಟು ಮುಗಿಯೋವರ್ಗೂ ಅದೆಲ್ಲಿ ನಿಲ್ಲತ್ತೆ.

ನಿನ್ನೆ ರಾತ್ರಿ ಆಟ ಮುಗಿಸಿ ಬೀಜ ಡಬ್ಬಿಗೆ ಹಾಕೋವಾಗ ತಾನೇ ಒಂದೊಂದೇ ಮುಟ್ಟಿ ಎಣಿಸಿದ್ಳು, ಒಂಬತ್ತು. ಇನ್ನೊಂದ್ಸಲ ಎಣಿಸಿದ್ಳು, ಒಂಬತ್ತೇ. "ಅಮ್ಮಾ, ಒಬ್ಬ ನರಿ ಮನೆಗೆ ಬಂದಿಲ್ಲ" ಅಂತ ಅಳು. ಬೇರೆ ಬೀಜ ಕೊಟ್ರೆ ಅದು ನರಿ ಅಲ್ವಂತೆ. ಟಾರ್ಚ್ ಹಿಡ್ಕೊಂಡು ಮಂಚದಡಿ, ಬೀರು ಹಿಂದೆ ಎಲ್ಲ ಹುಡುಕಿದ್ವಿ. ಸಿಕ್ಕಿದ್ದು ಬೆಳಿಗ್ಗೆ ಕಸ ಗುಡಿಸೋವಾಗ. ಅಲ್ಲಿವರ್ಗೂ ಆನೆ ಹೊಸ್ತಿಲ ಮೇಲೇ ಇತ್ತು, ಎತ್ತೋಕೆ ಬಿಟ್ಟಿರ್ಲಿಲ್ಲ.