"ಕೊರತೆಪಡೆನು" ಅಂದರೇನು? ಓದಿಗೂ ಅಧ್ಯಯನಕ್ಕೂ ಹಳೇ ಸತ್ಯವೇದವೇ ಬೇಕಾ?

ಪ್ರಶ್ನೆ ಇಷ್ಟೇ. ಮನೆಯಲ್ಲಿ ಓದಲಿಕ್ಕೆ, ಕೂತು ಅಧ್ಯಯನ ಮಾಡಲಿಕ್ಕೆ ಒಂದೇ ಒಂದು ಕನ್ನಡ ಬೈಬಲ್ ಇಟ್ಟುಕೊಳ್ಳಬೇಕು ಅಂದರೆ ಅದು ಬೈಬಲ್ ಸೊಸೈಟಿಯ ಹಳೇ 'ಸತ್ಯವೇದವು' ಆಗಿರಬೇಕಾ, ಇಲ್ಲಾ ಸರಳ ಕನ್ನಡದ ಹೊಸ ಅನುವಾದ ಆಗಿರಬೇಕಾ? ಹಳೇದರ ಪರ ಬರೆದವರು ಚಿತ್ರದುರ್ಗದ ದೊಡ್ಡಮ್ಮ, ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ವಿರೋಧ ಬರೆದವನು ಅವರ ತಂಗಿಯ ಮಗ, ದಾವಣಗೆರೆಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುವವನು.

ಪರ: ಹಳೇದೇ ಕೈಯಲ್ಲಿರಲಿ

ಮೊದಲು ಒಂದು ಸಾಲು ಬರೆದುಬಿಡುತ್ತೇನೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." 23ನೇ ಕೀರ್ತನೆಯ ಮೊದಲ ವಚನ. ಎಣಿಸಿ ನೋಡಿ, ನಾಲ್ಕೇ ಪದ. ಮೂಲದ ಹೀಬ್ರೂವಿನಲ್ಲೂ ಇದು ನಾಲ್ಕೇ ಪದ. ಈಗಿನ ಸರಳ ಅನುವಾದದಲ್ಲಿ ಇದನ್ನೇ "ನನಗೆ ಕೊರತೆಯೇ ಇಲ್ಲ" ಅಂತ ಬಿಡಿಸಿ ಹೇಳಿದ್ದಾರೆ. ಅರ್ಥ ಸುಲಭವಾಯಿತು, ನಿಜ. ಆದರೆ ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವಳು ನಾನು, ಒಂದು ಮಾತು ಹೇಳಲೇಬೇಕು. "ಕೊರತೆಪಡೆನು" ಅನ್ನೋದು ನಿಷೇಧ ರೂಪ. ಮಾಡೆನು, ನೋಡೆನು, ಹೆದರೆನು ಇದ್ದ ಹಾಗೆ. ಈ ರೂಪಕ್ಕೆ ಕಾಲದ ಕಟ್ಟಿಲ್ಲ. ನಿನ್ನೆ, ಇವತ್ತು, ನಾಳೆ ಎಲ್ಲಾ ಅದರೊಳಗೇ ಬಂತು. "ಕೊರತೆ ಇಲ್ಲ" ಅಂದರೆ ಇವತ್ತಿನ ಲೆಕ್ಕ ಒಪ್ಪಿಸಿದಂತೆ ಆಯಿತು. ನಾಳೆಯೂ ಕುರುಬ ಜೊತೆಗಿರ್ತಾನೆ ಅನ್ನೋ ನಂಬಿಕೆ ಹಳೇ ಸಾಲಿನಲ್ಲಿದೆ, ಹೊಸದರಲ್ಲಿ ಅದು ತೆಳುವಾಯಿತು.

ಕುರುಬ ಅನ್ನೋ ಪದವನ್ನೇ ತಗೊಳ್ಳಿ. ಕಥೊಲಿಕರ ಮನೆಗಳಲ್ಲಿ ಓದುವ ಅನುವಾದದಲ್ಲಿ ಅಲ್ಲಿ "ಕುರಿಗಾಹಿ" ಅಂತಿದೆ. ಚೆಂದದ ಪದವೇ. ಆದರೆ ನಮ್ಮ ಕಡೆ ಯಾರ ಬಾಯಲ್ಲೂ ಬರಲ್ಲ. ಕುರುಬ ಅಂದರೆ ಇಲ್ಲಿ ಜಾತಿಯ ಹೆಸರೂ ಹೌದು, ಅದಕ್ಕೇ ಕೆಲವರು ಆ ಪದ ಬೇಡ ಅನ್ನುತ್ತಾರೆ. ನನಗೆ ಅದೇ ಪದ ಬೇಕು. ಚಳ್ಳಕೆರೆ ಕಡೆ ಹೋದರೆ ಕಂಬಳಿ ನೇಯುವ ಮಗ್ಗಗಳು ಇವತ್ತೂ ಇವೆ. ಬೆಳೆ ತೆಗೆದ ಮೇಲೆ ಗೊಬ್ಬರಕ್ಕೆ ಅಂತ ರೈತರು ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ. ರಾತ್ರಿ ಪೂರ್ತಿ ಆ ಮನುಷ್ಯ ಕಂಬಳಿ ಹೊದ್ದು ಕುರಿಗಳ ಪಕ್ಕದಲ್ಲೇ ಮಲಗಿರುತ್ತಾನೆ, ತೋಳದ ಸುಳಿವು ಸಿಕ್ಕರೆ ಏಳಬೇಕಲ್ಲ. ಅದೇ ಕೀರ್ತನೆಯಲ್ಲಿ ಮುಂದೆ ದೊಣ್ಣೆ, ಕೋಲು ಎರಡೂ ಬರುತ್ತವೆ. ಹೀಬ್ರೂವಿನಲ್ಲೂ ಅವು ಬೇರೆ ಬೇರೆ ಪದಗಳು. ಒಂದು ಹೊಡೆಯೋದಕ್ಕೆ, ಇನ್ನೊಂದು ಊರಿ ನಿಲ್ಲೋದಕ್ಕೆ. ದೇವರನ್ನು ಈ ಮನುಷ್ಯನ ಹೆಸರಿನಿಂದ ಕರೆದಿದ್ದಾರಲ್ಲ, ಅದನ್ನು ನಯ ಮಾಡುವುದು ಯಾಕೆ?

ಹಳೇ ಕನ್ನಡ ಜನರಿಗೆ ದೂರ ಅನ್ನುವವರು ನೋಹನ ನಾವೆಯ ಅಳತೆ ಓದಲಿ. ಸತ್ಯವೇದದಲ್ಲಿ ಉದ್ದ ಮುನ್ನೂರು ಮೊಳ. ಸರಳ ಅನುವಾದದಲ್ಲಿ 450 ಅಡಿ. ಹೀಬ್ರೂ ಅಳತೆ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ, ಅಂದರೆ ನಮ್ಮ ಮೊಳವೇ. ಸಂತೆಯಲ್ಲಿ ಹೂವಿನ ಹೆಂಗಸು ಕೈ ಚಾಚಿ ಮಲ್ಲಿಗೆ ಅಳೆದು ಕೊಡುತ್ತಾಳಲ್ಲ, ಅದೇ ಅಳತೆ. ಅದನ್ನು ಅಡಿಗೆ ತಿರುಗಿಸಿದಾಗ ಸಿಕ್ಕಿದ್ದೇನು? ಕೈ ಹೋಯಿತು, ಲೆಕ್ಕ ಉಳಿಯಿತು.

ಇನ್ನು ಅಧ್ಯಯನದ ವಿಷಯ. ನನಗೆ ಜಾಸ್ತಿ ಚಿಂತೆ ಇರೋದು ಇಲ್ಲೇ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಬಳಸುವ ಗ್ರೀಕ್ ಪದಕ್ಕೆ ನೇರ ಅರ್ಥ ಮಾಂಸ, ಮೈ. ಸತ್ಯವೇದ ಅದನ್ನು "ಶರೀರಭಾವ" ಅನ್ನುತ್ತೆ. ಓದುವವಳು ಅಲ್ಲಿ ನಿಲ್ಲಬೇಕು. ಶರೀರದ ಭಾವ ಅಂದರೆ ಏನು, ಮೈಯೇ ಕೆಟ್ಟದ್ದು ಅಂತಾನಾ, ಇಲ್ಲಾ ದೇವರನ್ನು ಬಿಟ್ಟು ಬದುಕುವ ರೀತಿ ಅಂತಾನಾ? ಕೇಳಬೇಕು, ಬೇರೆ ಕಡೆ ಹುಡುಕಬೇಕು. ಸರಳ ಅನುವಾದದಲ್ಲಿ "ಪಾಪಸ್ವಭಾವ" ಅಂತ ಹಾಕಿದ್ದಾರೆ. ಪ್ರಶ್ನೆಯೇ ಏಳಲ್ಲ. ಅನುವಾದ ಮಾಡಿದವರು ನಮ್ಮ ಬದಲು ಯೋಚನೆ ಮಾಡಿ ಉತ್ತರ ಬರೆದುಬಿಟ್ಟಿದ್ದಾರೆ. ಅವರ ಉತ್ತರ ಸರಿಯೇ ಇರಬಹುದು. ಆದರೂ ಅಧ್ಯಯನ ಅಂದರೆ ನಾನು ಹುಡುಕುವುದು, ಅಲ್ವಾ?

ಹೆಸರಿನ ವಿಷಯವೂ ಹಾಗೇ. ಹಳೇ ಒಡಂಬಡಿಕೆಯಲ್ಲಿ ದೇವರ ಹೆಸರು ಆರು ಸಾವಿರಕ್ಕಿಂತ ಹೆಚ್ಚು ಸಲ ಬರುತ್ತದೆ. ನಾಲ್ಕು ವ್ಯಂಜನಗಳ ಹೆಸರು. "ಯೆಹೋವ" ಅನ್ನೋ ಉಚ್ಚಾರ ಆ ವ್ಯಂಜನಗಳಿಗೆ ಒಡೆಯ ಅನ್ನೋ ಅರ್ಥದ "ಅದೋನಾಯ್" ಪದದ ಸ್ವರ ಸೇರಿಸಿ ಓದಿದ್ದರಿಂದ ಬಂದದ್ದು ಅಂತ ನನಗೆ ಗೊತ್ತು. ಆದರೂ ಅದು ಹೆಸರಾಗಿಯೇ ಉಳಿದಿದೆ. ಕಥೊಲಿಕರ ಅನುವಾದದಲ್ಲಿ ಅಲ್ಲಿ "ಸರ್ವೇಶ್ವರ" ಅಂತ ಇದೆ, ಕೇಳಲು ಇಂಪಾಗಿದೆ. ಆದರೆ ಅದು ಬಿರುದು. ಮೋಶೆ ಉರಿಯುವ ಪೊದೆಯ ಮುಂದೆ ನಿಂತು ನಿನ್ನ ಹೆಸರೇನು ಅಂತ ಕೇಳಿದ ಕಥೆ ಓದುವಾಗ ಹೆಸರೇ ಬೇಕು.

ಕೊನೆಗೆ ಒಂದು ಮನೆಯ ಮಾತು. ನಮ್ಮ ಅವ್ವನ ಬೈಬಲ್ ನನ್ನ ಹತ್ತಿರ ಇದೆ. ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನು ಕಿತ್ತುಹೋಗಿ ನಾನೇ ಬಟ್ಟೆ ಹಚ್ಚಿ ಅಂಟಿಸಿದ್ದು. ಮೊದಲ ಪುಟದಲ್ಲಿ ನಮ್ಮೆಲ್ಲರ ಹುಟ್ಟಿದ ದಿನ ಬರೆದಿದ್ದಾಳೆ. ಅವಳು ಹೋಗುವ ಹಿಂದಿನ ರಾತ್ರಿ ಮಾತು ನಿಂತಿತ್ತು. ಸಭೆಯವರು ನಾಲ್ಕು ಜನ ಬಂದಿದ್ದರು. ಯಾರೋ "ಯೆಹೋವನು ನನಗೆ ಕುರುಬನು" ಅಂತ ಶುರು ಮಾಡಿದರು, ಪುಸ್ತಕ ತೆರೆಯದೇ ಎಲ್ಲರೂ ಸೇರಿಕೊಂಡರು, ಆರೂ ವಚನ. ಅವ್ವನ ತುಟಿ ಅಲ್ಲಾಡಿತು. ಒಬ್ಬೊಬ್ಬರು ಒಂದೊಂದು ಅನುವಾದ ಬಾಯಿಪಾಠ ಮಾಡಿದ್ದರೆ ಆ ರಾತ್ರಿ ನಾವು ಒಟ್ಟಿಗೆ ಏನು ಹೇಳುತ್ತಿದ್ದೆವು?

ವಿರೋಧ: ಮೊದಲು ಅರ್ಥವಾಗಲಿ

ದೊಡ್ಡಮ್ಮ ಬರೆದದ್ದನ್ನು ಎರಡು ಸಲ ಓದಿದೆ. ಅಜ್ಜಿ ಹೋದ ಆ ರಾತ್ರಿ ನಾನೂ ಬಾಗಿಲ ಹತ್ತಿರ ನಿಂತಿದ್ದೆ. ಅವರು ಹೇಳಿದ್ದು ಸುಳ್ಳಲ್ಲ. ಹಾಗಿದ್ದರೂ ನಾನು ಒಪ್ಪಲ್ಲ, ಯಾಕೆ ಅಂತ ಹೇಳುತ್ತೇನೆ.

ನನ್ನ ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳು. ಹೋದ ವರ್ಷ ಇದೇ 23ನೇ ಕೀರ್ತನೆ ಬಾಯಿಪಾಠಕ್ಕೆ ಕೊಟ್ಟಿದ್ದೆ, ಸತ್ಯವೇದದಿಂದಲೇ. ಐದನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು ಪಟಪಟ ಅಂತ ಒಪ್ಪಿಸಿದಳು. ಒಂದು ಅಕ್ಷರ ತಪ್ಪಿಲ್ಲ. ಮೊದಲ ವಚನದ ಅರ್ಥ ಏನಮ್ಮ ಅಂತ ಕೇಳಿದೆ. "ದೇವರು ನನ್ನ ಕುರುಬ, ನನಗೆ ಕೊರತೆ ಸಿಕ್ತು ಸರ್" ಅಂದಳು. ಕೊರತೆಪಡೆನು ಅನ್ನೋದನ್ನ ಅವಳು ಕೊರತೆ ಪಡೆದೆನು ಅಂತ ತಿಳಿದುಕೊಂಡಿದ್ದಳು. ಪೂರ್ತಿ ಉಲ್ಟಾ! ಯಾರೂ ನಗಲಿಲ್ಲ. ಯಾಕೆಂದರೆ ಉಳಿದವರೂ ಹಾಗೇ ತಿಳಿದಿದ್ದರು. ಆ ಹುಡುಗಿಯ ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು. ದೇವರು ಕುರುಬ, ನನಗೆ ಕೊರತೆ ಸಿಕ್ತು ಅಂತ ಅವಳು ಎಷ್ಟು ದಿನದಿಂದ ರಾತ್ರಿ ಹೇಳಿಕೊಂಡು ಮಲಗುತ್ತಿದ್ದಳೋ. ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ.

ನಿಷೇಧ ರೂಪಕ್ಕೆ ಕಾಲದ ಕಟ್ಟಿಲ್ಲ ಅಂತ ದೊಡ್ಡಮ್ಮ ಹೇಳಿದ್ದು ಓದಿ ನನಗೂ ಖುಷಿಯಾಯಿತು, ಆದರೆ ಆ ರೂಪ ಈಗ ಬಳಕೆಯಲ್ಲೇ ಇಲ್ಲವಲ್ಲ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಡೀ ದಿನ ಕೇಳಿ. ಬರಲ್ಲ, ಹೋಗಲ್ಲ, ಆಗಲ್ಲ ಅನ್ನೋದೇ ಕೇಳುತ್ತೆ. ಬಾರೆನು, ಹೋಗೆನು ಅನ್ನೋರು ಒಬ್ಬರೂ ಸಿಗಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಯಾವ ಗ್ರೀಕ್? ಪಂಡಿತರ ಹಳೇ ಗ್ರೀಕ್ ಅಲ್ಲ. ಈಜಿಪ್ಟಿನ ಮರಳಿನಲ್ಲಿ ಆ ಕಾಲದ ಪಪೈರಸ್ ಹಾಳೆಗಳು ರಾಶಿ ರಾಶಿ ಸಿಕ್ಕಿವೆ. ಮನೆಗೆ ಬರೆದ ಕಾಗದ, ಸಾಲದ ಚೀಟಿ, ಲೆಕ್ಕ, ರಸೀದಿ. ಅವುಗಳಲ್ಲಿರುವ ಭಾಷೆಯೂ ಸುವಾರ್ತೆಗಳ ಭಾಷೆಯೂ ಹೆಚ್ಚು ಕಡಿಮೆ ಒಂದೇ, ಆ ಕಾಲದ ಜನ ದಿನಾ ಆಡುತ್ತಿದ್ದ ಭಾಷೆ. ಸಂತೆಯ ಮಾತಿನಲ್ಲಿ ಬಂದ ಪುಸ್ತಕವನ್ನು ನಾವು ಯಾಕೆ ಮಕ್ಕಳಿಗೆ ಅರ್ಥವಾಗದ ಕನ್ನಡದಲ್ಲೇ ಕೊಡಬೇಕು?

ಹಳೇದು ಪ್ರಶ್ನೆ ಉಳಿಸುತ್ತೆ, ಹೊಸದು ಉತ್ತರ ಬರೆದುಬಿಡುತ್ತೆ ಅನ್ನೋ ಮಾತಿಗೆ ಬರೋಣ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ನಿಕೊದೇಮನಿಗೆ ಯೇಸು ಹೇಳುವ ಮಾತಿನಲ್ಲಿ ಒಂದು ಗ್ರೀಕ್ ಪದ ಇದೆ. ಅದಕ್ಕೆ ಎರಡು ಅರ್ಥ: ಮತ್ತೊಮ್ಮೆ ಅಂತಲೂ ಹೌದು, ಮೇಲಿನಿಂದ ಅಂತಲೂ ಹೌದು. ಆ ಸಂಭಾಷಣೆ ಪೂರ್ತಿ ನಿಂತಿರೋದೇ ಆ ಎರಡರ ಮೇಲೆ. ನಿಕೊದೇಮ ಒಂದು ಅರ್ಥ ಹಿಡಿದು ತಾಯಿಯ ಹೊಟ್ಟೆಗೆ ಮತ್ತೆ ಹೋಗೋದಕ್ಕಾಗುತ್ತಾ ಅಂತ ಕೇಳುತ್ತಾನೆ. ಸತ್ಯವೇದ ಅಲ್ಲಿ "ಹೊಸದಾಗಿ ಹುಟ್ಟದಿದ್ದರೆ" ಅಂತ ಹಾಕಿದೆ. ಅಂದರೆ ಹಳೇ ಅನುವಾದದವರೂ ಒಂದು ಅರ್ಥ ಆರಿಸಿಕೊಂಡರು, ಇನ್ನೊಂದನ್ನು ಕೈಬಿಟ್ಟರು. ಅದು ಅವರ ತಪ್ಪಲ್ಲ. ಕನ್ನಡದಲ್ಲಿ ಎರಡನ್ನೂ ಹಿಡಿಯುವ ಪದ ಇಲ್ಲ. ಆದರೆ ಹೊಸದನ್ನು ಮಾತ್ರ ಅನುಮಾನದಿಂದ ನೋಡಿ ಹಳೇದನ್ನು ಮೂಲ ಅನ್ನೋ ಹಾಗೆ ನಂಬಿದರೆ ಅಲ್ಲಿ ಅಧ್ಯಯನವೇ ನಿಂತುಹೋಗುತ್ತೆ. ನಮ್ಮ ಎಷ್ಟೋ ಮನೆಗಳಲ್ಲಿ ಆಗಿರೋದು ಅದೇ.

ಹಳೇದೂ ಒಂದು ಕಾಲಕ್ಕೆ ಹೊಸದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತರು. ಮೊಳಕಾಲ್ಮೂರು ದಾಟಿದರೆ ಬಳ್ಳಾರಿ, ಹಾಗಾಗಿ ನಮ್ಮ ಕಡೆಗೂ ಇದು ಹತ್ತಿರದ ಕಥೆಯೇ. ಪೂರ್ತಿ ಕನ್ನಡ ಬೈಬಲ್ ಹೊರಬಂದದ್ದು 1831ರಲ್ಲಿ. ಆಮೇಲೆ ಅದು ಸುಮ್ನೆ ಹಾಗೇ ಉಳಿಯಲಿಲ್ಲ, ಬಾಸೆಲ್ ಮಿಷನ್ನಿನವರೂ ಸೇರಿ ತಿದ್ದಿದರು, ಮತ್ತೆ ಮುಂದಿನವರು ತಿದ್ದಿದರು. ಜನರಿಗೆ ಅರ್ಥವಾಗಲಿ ಅಂತಲೇ ತಿದ್ದಿದ್ದು. ಅಜ್ಜಿ ಬಾಯಿಪಾಠ ಮಾಡಿದ್ದು ಹಾಗೆ ತಿದ್ದಿದ ಪ್ರತಿಯನ್ನೇ. ತಿದ್ದುವ ಕೆಲಸ ಅಜ್ಜಿಯ ಕಾಲಕ್ಕೇ ನಿಲ್ಲಬೇಕು ಅಂತ ಯಾರು ಹೇಳಿದರು?

ಇನ್ನೊಂದು ವಿಷಯ, ಮರ್ಯಾದೆಯದ್ದು. ಸೆಪ್ಟೆಂಬರ್ 8ಕ್ಕೆ ಹರಿಹರದ ಕಥೊಲಿಕ ಚರ್ಚಿನ ಆರೋಗ್ಯ ಮಾತೆಯ ಹಬ್ಬಕ್ಕೆ ಗೆಳೆಯನ ಜೊತೆ ಹೋಗಿದ್ದೆ. ಪೂಜೆಯಲ್ಲಿ ಸುವಾರ್ತೆ ಓದಿದಾಗ "ಯೇಸುಸ್ವಾಮಿ ಹೇಳಿದರು" ಅಂತ ಬಂತು. ನಮ್ಮದರಲ್ಲಿ "ಯೇಸು ಹೇಳಿದನು". ನಮ್ಮ ಬೀದಿಯ ಒಬ್ಬ ಹಿರಿಯರು ಒಂದು ಸಲ ನನ್ನ ಬೈಬಲ್ ತಿರುವಿ ನೋಡಿ "ನಿಮ್ಮ ದೇವರನ್ನ ನೀವೇ ಏಕವಚನದಲ್ಲಿ ಬರೀತೀರಲ್ಲಪ್ಪ" ಅಂತ ಬೇಜಾರಿನಿಂದಲೇ ಕೇಳಿದ್ದರು. ಇದನ್ನು ಹೇಳಿದರೆ ದೊಡ್ಡಮ್ಮ ವಚನಕಾರರನ್ನು ಎತ್ತುತ್ತಾರೆ, ಬಸವಣ್ಣನವರೂ ಕೂಡಲಸಂಗಮದೇವನಿಗೆ ನೀನು ಅಂದಿಲ್ವಾ ಅಂತ. ಅಂದಿದ್ದಾರೆ, ದೇವರ ಜೊತೆ ಮಾತಾಡುವಾಗ. ಪ್ರಾರ್ಥನೆಯಲ್ಲಿ ನಾನೂ ನೀನು ಅನ್ನುತ್ತೇನೆ. ಆದರೆ ಗುರುಗಳ ಬಗ್ಗೆ ಬೇರೆಯವರ ಮುಂದೆ ಹೇಳುವಾಗ ನಮ್ಮ ಊರಲ್ಲಿ ಯಾರೂ "ಬಂದನು, ಕೂತನು" ಅನ್ನಲ್ಲ. ನಾನು ಬಳಸುವ ಸರಳ ಅನುವಾದವೂ ಇದನ್ನು ಸರಿ ಮಾಡಿಲ್ಲ ಅನ್ನೋದು ನನಗೆ ಇವತ್ತೂ ನೋವಿನ ವಿಷಯ.

ಮೊಳದ ವಿಷಯದಲ್ಲಿ ದೊಡ್ಡಮ್ಮ ಹೇಳಿದ್ದೇ ಸರಿ. ಮಕ್ಕಳಿಗೆ ಮೊಳ ಅಂತಲೇ ಹೇಳಿ, ಮೊಣಕೈ ಇಟ್ಟು ಚರ್ಚಿನ ಅಂಗಳ ಅಳೆಸಿದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಪೂರ್ತಿ ಓದೋದು. ಹಳೇ ಅನುವಾದದಿಂದ ನಮಗೆ ಬಿದ್ದ ಅಭ್ಯಾಸ ಅಂದರೆ ಒಂದೊಂದು ವಚನ ಕಿತ್ತುಕೊಂಡು ಇಟ್ಟುಕೊಳ್ಳೋದು, ಯಾಕೆಂದರೆ ಅಧ್ಯಾಯ ಪೂರ್ತಿ ಓದಲಿಕ್ಕೆ ಕಷ್ಟ. ಯೆರೆಮೀಯ 29:11 ನಮ್ಮವರ ಎಷ್ಟು ಮನೆಗಳ ಕ್ಯಾಲೆಂಡರಿನಲ್ಲಿದೆ ನೋಡಿ, ನಿಮಗೆ ಒಳ್ಳೇ ಭವಿಷ್ಯ ಕೊಡುತ್ತೇನೆ ಅನ್ನೋ ವಚನ. ಆ ಅಧ್ಯಾಯದಲ್ಲಿರೋದು ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ. ಯುವಕರ ಕೂಟದಲ್ಲಿ ಅದನ್ನು ಸರಳ ಅನುವಾದದಲ್ಲಿ ಮೊದಲಿಂದ ಓದಿಸಿದೆ. ಹತ್ತನೇ ವಚನಕ್ಕೆ ಬಂದಾಗ ಒಬ್ಬ ಹುಡುಗ ನಿಲ್ಲಿಸಿದ. "ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆದ ಮೇಲೆ ಅಂತ ಇದೆಯಲ್ಲ ಅಣ್ಣ, ಅಂದ್ರೆ ಈ ಕಾಗದ ಓದಿದ ದೊಡ್ಡವರು ವಾಪಸ್ ಹೋಗೋಕೆ ಆಗಲ್ವಾ?" ಅಂದ. ಹೆಚ್ಚಿನವರಿಗೆ ಆಗಲ್ಲ ಅಂದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಸೆರೆ ಹೋದ ಊರಿಗೂ ಒಳ್ಳೇದಾಗಲಿ ಅಂತ ಬೇಡಿಕೊಳ್ಳಿ ಅಂತ ಅದೇ ಕಾಗದದಲ್ಲಿ ಇದೆ. ಆ ಸಂಜೆ ಒಂದೂವರೆ ತಾಸು ಯಾರೂ ಫೋನ್ ಮುಟ್ಟಲಿಲ್ಲ. ದೊಡ್ಡಮ್ಮ ಹೇಳುವ ಹುಡುಕಾಟ ಅಲ್ಲಿ ನಡೆಯಿತು, ಅದೂ ಸರಳ ಕನ್ನಡದಿಂದಲೇ.

ಶರೀರಭಾವ, ಪಾಪಸ್ವಭಾವದಂಥ ಕಡೆ ನಾನೂ ಹಳೇದನ್ನು ತೆಗೆಯುತ್ತೇನೆ. ಯೂವರ್ಷನ್ ಆ್ಯಪಿನಲ್ಲಿ ಹಳೇದೂ ಹೊಸದೂ ಪಕ್ಕಪಕ್ಕದಲ್ಲೇ ಸಿಗುತ್ತವೆ, ದುಡ್ಡೂ ಇಲ್ಲ. ಆದರೆ ಪ್ರಶ್ನೆ ಒಂದೇ ಪುಸ್ತಕದ್ದು ತಾನೇ.

ಆ ಹುಡುಗಿಗೆ ಈ ಕ್ರಿಸ್ಮಸ್ ಹೊತ್ತಿಗೆ ಬಾಯಿಪಾಠದ ಬಹುಮಾನ ಕೊಡಬೇಕು. ಸರಳ ಅನುವಾದದ ಬೈಬಲ್ ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಅವಳ ಹೆಸರು, ಹುಟ್ಟಿದ ದಿನ ಬರೆದಿದ್ದೇನೆ, ಅಜ್ಜಿ ಬರೆಯುತ್ತಿದ್ದ ಹಾಗೆ. ರಿಬ್ಬನ್ನು 23ನೇ ಕೀರ್ತನೆಯ ಪುಟದಲ್ಲಿದೆ.