ವಡೆಗೆ ಈ ದೀರ್ಘವೇಕೆ?

ಮಂಡ್ಯ ಜಿಲ್ಲೆಯಲ್ಲೇ ನಿಂತು ‘ಮದ್ದೂರು ವಡಾ’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ವಡೆ ಸ್ವಾಮಿ, ವಡೆ! ಮನೆಯನ್ನು ಮನಾ, ತಲೆಯನ್ನು ತಲಾ ಎನ್ನುತ್ತೀರಾ? ತಿದ್ದಲು ಹೋದರೆ ನಮ್ಮ ಭಾವನವರು, ‘ಬೋರ್ಡಿನಲ್ಲೇ ವಡಾ ಎಂದಿದೆಯಲ್ಲ’ ಎಂದು ನನಗೇ ಪಾಠ ಹೇಳುತ್ತಾರೆ. ಬೋರ್ಡು ಬರೆದವನೇನು ವ್ಯಾಕರಣ ಪಂಡಿತನೇ?

ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆಗೆ ಈರುಳ್ಳಿ ಸೇರಿಸಿ, ಅಂಗೈ ಅಗಲಕ್ಕೆ ತಟ್ಟಿ, ಅಂಚು ಗರಿಗರಿಯಾಗುವಂತೆ ಕರಿದ ಅಪ್ಪಟ ನಮ್ಮೂರ ತಿಂಡಿ ಅದು. (ಮೈದಾ ಮಾತ್ರ ಮೈದಾ ಎಂದೇ ಇರಲಿ, ಅದು ಹೊರಗಿನಿಂದ ಬಂದ ಮಾತು.)

ಮೈಸೂರಿನಲ್ಲಿ ಈಗ ದೋಸೆಗೂ ಇದೇ ಗತಿ. ಮೊನ್ನೆ ಹೋಟೆಲಿನಲ್ಲಿ ಮಾಣಿ ‘ಯಾವ ದೋಸಾ ಸರ್?’ ಎಂದ. ‘ಮಸಾಲೆ ದೋಸೆ’ ಎಂದು ಒತ್ತಿ ಹೇಳಿದೆ. ‘ಸರಿ ಸರ್, ಒಂದು ಮಸಾಲಾ ದೋಸಾ’ ಎಂದು ಬರೆದುಕೊಂಡು ಹೋದ.